ಆಟ ಎಷ್ಟು ಹೊತ್ತಿನದಾಗಿರಬೇಕು?



ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇನೆ. ರಾತ್ರಿ ಊಟದ ಹೊತ್ತು. ತಟ್ಟೆ ಹಾಕಿ ಮಗನನ್ನು ಕರೆದೆ. ಒಂಬತ್ತನೆಯ ತರಗತಿಯ ಹುಡುಗ. ತಂದೆಯ ಫೋನು ಹಿಡಿದು ಮೂಲೆಯಲ್ಲಿ ಕುಳಿತಿದ್ದ. "ಅಮ್ಮಾ, ಇನ್ನು ಹತ್ತು ನಿಮಿಷ" ಎಂದ. ಹತ್ತು ನಿಮಿಷ ಕಳೆಯಿತು. ಮತ್ತೆ ಕರೆದೆ. "ಇನ್ನು ಐದೇ ನಿಮಿಷ" ಎಂದ. ಮೂರನೆಯ ಸಲ ನಾನು ಕರೆಯಲಿಲ್ಲ. ಎದ್ದು ಹೋಗಿ ಫೋನನ್ನು ಕಸಿದುಕೊಂಡು ಆರಿಸಿಬಿಟ್ಟೆ. ಹುಡುಗ ಅಳಲಿಲ್ಲ, ಜಗಳವಾಡಲಿಲ್ಲ. "ನನ್ನ ಜೊತೆ ಇನ್ನೂ ಮೂರು ಜನ ಆಡ್ತಾ ಇದ್ರಮ್ಮಾ. ನನ್ನಿಂದ ಅವರೂ ಸೋತ್ರು" ಎಂದಷ್ಟೇ ಹೇಳಿ, ಉಣ್ಣದೆ ಮಲಗಿದ.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ನನ್ನ ಬಾಲ್ಯ ನೆನಪಿಗೆ ಬಂದಿತು. ಗುಡಿಯ ಕಟ್ಟೆಯ ಮೇಲೆ ಸುಣ್ಣದ ಕಲ್ಲಿನಿಂದ ಮನೆ ಬರೆದು ನಾವು ನಾಲ್ವರು ಹುಡುಗಿಯರು ಚೌಕಾಬಾರ ಆಡುತ್ತಿದ್ದೆವು. ನೀರಿಗೆ ಹೋಗಬೇಕೆಂದು ನಮ್ಮವ್ವ ಕೊಡ ಹಿಡಿದು ಬಾಗಿಲಲ್ಲಿ ನಿಂತು ಕೂಗುವಳು. "ಅವ್ವಾ, ಈ ಒಂದು ಕಾಯಿ ಹಣ್ಣಾಗ್ಲಿ, ಬಂದೆ!" ಎಂದು ನಾನೂ ಕೂಗುವೆನು. ಅವ್ವ ಗೊಣಗುತ್ತಿದ್ದಳು, ಆದರೂ ಕಾಯುತ್ತಿದ್ದಳು. ಏಕೆ ಕಾಯುತ್ತಿದ್ದಳು? ಆ ಆಟ ಅವಳಿಗೂ ಗೊತ್ತಿತ್ತು. ಮನೆಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಕಾಯಿ ಹಣ್ಣಾಗಲು ಇನ್ನೆಷ್ಟು ಹೊತ್ತು ಬೇಕೆಂದು ಅವಳು ಹೇಳಬಲ್ಲವಳಾಗಿದ್ದಳು. ನನ್ನ ಮಗನ ಆಟ ನನಗೆ ಗೊತ್ತಿರಲಿಲ್ಲ. ಅದು ಯಾವಾಗ ಮುಗಿಯುತ್ತದೆ ಎಂಬುದು ಗೊತ್ತಿರಲಿಲ್ಲ. ಅದು ಮುಗಿಯುವ ಆಟವೇ ಅಲ್ಲವೇ ಎಂಬುದೂ ಗೊತ್ತಿರಲಿಲ್ಲ.

ಈ ಅಜ್ಞಾನವನ್ನು ಕಳೆದುಕೊಳ್ಳಲು ಮಾಡಿದ ಪ್ರಯತ್ನದ ಫಲವೇ ಈ ಲೇಖನ. ಒಂದು ಆಟ, ಅದರಲ್ಲಿಯೂ ಇಂದಿನ ವಿಡಿಯೋ ಆಟ, ಎಷ್ಟು ಹೊತ್ತಿನದಾಗಿದ್ದರೆ ಚೆನ್ನ? ಪ್ರಶ್ನೆ ಹಗುರವೆಂದು ತೋರಬಹುದು. ಆದರೆ ಮನೆಮನೆಯಲ್ಲಿ ಸಂಜೆಯಾದರೆ ತಾಯಿಮಕ್ಕಳ ನಡುವೆ ಏಳುವ ಮಾತು ಇದೇ ಆಗಿರುವಾಗ, ಕೂತು ಯೋಚಿಸುವುದು ವ್ಯರ್ಥವಾಗಲಾರದು.

ಚೌಕಾಬಾರದ ಲೆಕ್ಕ

ಮೊದಲು ನಮಗೆ ಗೊತ್ತಿರುವ ಆಟದಿಂದಲೇ ಪ್ರಾರಂಭಿಸೋಣ. ನಮ್ಮ ಗಡಿನಾಡಿನಲ್ಲಿ ಕನ್ನಡದ ಮನೆಯವರು ಚೌಕಾಬಾರ ಎನ್ನುವುದನ್ನು ತೆಲುಗಿನ ಮನೆಯವರು ಅಷ್ಟಾ ಚೆಮ್ಮಾ ಎನ್ನುತ್ತಾರೆ. ಹೆಸರು ಎರಡಾದರೂ ಕವಡೆ ಒಂದೇ. ಉದ್ದಕ್ಕೆ ಐದು, ಅಗಲಕ್ಕೆ ಐದು, ಒಟ್ಟು ೨೫ ಮನೆಗಳು. ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಟ್ಟನಡುವೆ ೧. ತನ್ನ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತಿನಲ್ಲಿ ೧೫ ಮನೆ, ಒಳಸುತ್ತಿನಲ್ಲಿ ೮ ಮನೆ ನಡೆದು, ಇನ್ನೊಂದು ಹೆಜ್ಜೆ ಇಟ್ಟರೆ ನಡುಮನೆ ಸೇರಿ ಹಣ್ಣಾಗುತ್ತದೆ. ಅಂದರೆ ಒಂದು ಕಾಯಿಗೆ ೨೪ ಹೆಜ್ಜೆ. ನಾಲ್ಕು ಕಾಯಿಗೆ ೯೬ ಹೆಜ್ಜೆ.

ಇನ್ನು ಗರದ ಲೆಕ್ಕ. ನಾಲ್ಕು ಕವಡೆ ಎಸೆದರೆ ಅವು ೧೬ ಬಗೆಯಲ್ಲಿ ಬೀಳಬಹುದು. ಒಂದೇ ಕವಡೆ ಬಾಯಿ ಮೇಲಾಗಿ ಬೀಳುವ ಬಗೆ ೪, ಎರಡು ಬೀಳುವ ಬಗೆ ೬, ಮೂರು ಬೀಳುವ ಬಗೆ ೪. ನಾಲ್ಕೂ ಮೇಲಾದರೆ ಚೌಕ, ಅದು ಒಂದೇ ಬಗೆ. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು, ಅದೂ ಒಂದೇ ಬಗೆ. ಈ ಹದಿನಾರು ಬಗೆಯ ಗರಗಳನ್ನೆಲ್ಲ ಕೂಡಿದರೆ ೪೦ ಬರುತ್ತದೆ. ಹದಿನಾರರಿಂದ ಭಾಗಿಸಿದರೆ ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಹೆಜ್ಜೆ. ಚೌಕ, ಬಾರ ಬಿದ್ದಾಗ ಮತ್ತೊಂದು ಎಸೆತ ಸಿಗುವುದನ್ನು ಸೇರಿಸಿಕೊಂಡರೆ ಒಂದು ಸರದಿಗೆ ಸುಮಾರು ೨.೮೬ ಹೆಜ್ಜೆ. ೯೬ ಹೆಜ್ಜೆ ನಡೆಯಲು ಸುಮಾರು ೩೪ ಸರದಿ ಬೇಕಾಯಿತು. ನಾಲ್ವರು ಆಡಿದರೆ ೧೩೬ ಸರದಿ. ಒಂದು ಸರದಿಗೆ ೨೦ ಸೆಕೆಂಡು ಹಿಡಿದರೆ ೪೫ ನಿಮಿಷ. ನಡುವೆ ಕಾಯಿ ಕಡಿಸಿಕೊಂಡು ಮೊದಲಿನಿಂದ ಹೊರಡುವುದು, ಬೇಕಾದ ಗರ ಬೀಳದೆ ನಿಂತಲ್ಲೇ ನಿಲ್ಲುವುದು, ಬಿದ್ದ ಗರದ ಬಗ್ಗೆ ವಾದಿಸುವುದು, ಇವೆಲ್ಲ ಸೇರಿ ಸುಮಾರು ಒಂದು ಗಂಟೆ.

ಒಂದು ಗಂಟೆ! ಮಧ್ಯಾಹ್ನದ ಊಟ ಮುಗಿದು, ಬಿಸಿಲಿಳಿದು ಮತ್ತೆ ಕೆಲಸಕ್ಕೆ ಏಳುವವರೆಗೆ ಇರುವ ಬಿಡುವು ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಹೊತ್ತು ಹೆಚ್ಚಾಗಿ ಉಳ್ಳವರಿಗೆ ಏಳು ಮನೆಯ ಮಣೆಯೂ ಉಂಟು. ಅದರಲ್ಲಿ ಒಂದು ಕಾಯಿಗೆ ೪೮ ಹೆಜ್ಜೆ, ಸರಿಯಾಗಿ ಎರಡರಷ್ಟು. ಯಾರೋ ಒಬ್ಬರು ಕುಳಿತು ಮಾಡಿದ ಅಳತೆಯಲ್ಲ ಇದು. ಬೇಸರ ತರಿಸುವಷ್ಟು ಉದ್ದವಾದದ್ದನ್ನೂ, ರುಚಿ ಹತ್ತುವ ಮೊದಲೇ ಮುಗಿಯುವುದನ್ನೂ ಜನ ಬಿಟ್ಟುಬಿಟ್ಟಿರಬೇಕು. ಕೈಯಿಂದ ಕೈಗೆ ಬರುತ್ತ ಹದವಾದದ್ದು ಉಳಿದಿರಬೇಕು. ಹಂಪೆಯ ಕಲ್ಲುಹಾಸುಗಳ ಮೇಲೆ ಇಂತಹ ಆಟದ ಮನೆಗಳನ್ನು ಕೊರೆದಿರುವುದನ್ನು ಪ್ರವಾಸ ಹೋದ ನಮ್ಮ ಮಕ್ಕಳು ನೋಡಿದ್ದಾರೆ. ಇದೇ ಬಳಗದ ಪಚ್ಚೀಸಿ ಆಟವನ್ನು ಆಂಗ್ಲರು ಸರಳಗೊಳಿಸಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೂಡೋ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದರು. ಆ ಲೂಡೋ ಇಂದು ಫೋನಿನೊಳಗೆ ಹೊಕ್ಕು ಮತ್ತೆ ನಮ್ಮ ಜಗಲಿಗೇ ಬಂದು ಕುಳಿತಿದೆ. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಅದನ್ನು ಆಡದ ಮನೆಗಳು ವಿರಳ.

ಮುಗಿಯದೆ ಉಳಿದ ಆಟಗಳು

ಆಟಕ್ಕೆ ಕೊನೆಯನ್ನು ಗೊತ್ತುಪಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಎರಡು ಸ್ವಾರಸ್ಯವಾದ ನಿದರ್ಶನಗಳಿವೆ.

೧೯೩೯ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ನಗರದಲ್ಲಿ ಇಂಗ್ಲೆಂಡಿನ ತಂಡದೊಡನೆ ಒಂದು ಟೆಸ್ಟ್ ಪಂದ್ಯ ನಡೆಯಿತು. ಗೆಲುವು ಸೋಲು ತೀರ್ಮಾನವಾಗುವವರೆಗೆ ಎಷ್ಟು ದಿನವಾದರೂ ಆಡಬೇಕೆಂಬುದು ಕರಾರು. ಮಾರ್ಚ್ ೩ರಂದು ಆರಂಭವಾದ ಪಂದ್ಯ ೧೪ರ ತನಕ ನಡೆಯಿತು. ಇಂಗ್ಲೆಂಡಿಗೆ ಗೆಲ್ಲಲು ೬೯೬ ಓಟಗಳು ಬೇಕಾಗಿದ್ದವು. ಐದು ವಿಕೆಟ್ಟಿಗೆ ೬೫೪ ಆಗಿತ್ತು. ಅಷ್ಟರಲ್ಲಿ ಅವರು ಊರಿಗೆ ಹೋಗುವ ಹಡಗಿನ ಹೊತ್ತಾಯಿತು! ಪಂದ್ಯವನ್ನು ಅಲ್ಲಿಗೇ ಬಿಟ್ಟು ಹೊರಟರು. ಅನಂತರ ಟೆಸ್ಟ್ ಪಂದ್ಯಗಳಿಗೆ ದಿನಗಳ ಮಿತಿ ಬಂದಿತು. ೧೯೭೧ರಲ್ಲಿ ಮೆಲ್ಬರ್ನಿನಲ್ಲಿ ಒಂದು ದಿನದ ಅಂತರರಾಷ್ಟ್ರೀಯ ಪಂದ್ಯ ಮೊದಲಾಯಿತು. ೨೦೦೩ರಲ್ಲಿ ಇಂಗ್ಲೆಂಡಿನಲ್ಲಿ ಇಪ್ಪತ್ತು ಓವರುಗಳ ಪಂದ್ಯ ಬಂದಿತು. ೨೦೦೮ರ ಏಪ್ರಿಲಿನಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತು. ಐದು ದಿನದ ಆಟ ಮೂರೂವರೆ ಗಂಟೆಗೆ ಇಳಿಯಿತು. ಆದರೂ ಐದು ದಿನದ ಆಟ ಸತ್ತಿಲ್ಲ ಎಂಬುದನ್ನು ಗಮನಿಸಬೇಕು. ಅದರ ರುಚಿಯೇ ಬೇರೆ.

ಎರಡನೆಯದು ಚದುರಂಗದ್ದು. ೧೯೮೪ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ನಡುವೆ ವಿಶ್ವಪಟ್ಟಕ್ಕಾಗಿ ಸ್ಪರ್ಧೆ ಆರಂಭವಾಯಿತು. ಯಾರು ಮೊದಲು ಆರು ಆಟ ಗೆಲ್ಲುವರೋ ಅವರೇ ವಿಜಯಿ ಎಂಬುದು ನಿಯಮ. ಐದು ತಿಂಗಳಲ್ಲಿ ೪೮ ಆಟಗಳಾದವು. ಅವುಗಳಲ್ಲಿ ೪೦ ಆಟಗಳು ಸಮಸಮ! ಒಬ್ಬರು ಐದು, ಇನ್ನೊಬ್ಬರು ಮೂರು ಗೆದ್ದಿದ್ದಾಗ, ೧೯೮೫ರ ಫೆಬ್ರುವರಿ ೧೫ರಂದು ಸ್ಪರ್ಧೆಯನ್ನು ಫಲಿತಾಂಶವಿಲ್ಲದೆ ನಿಲ್ಲಿಸಬೇಕಾಯಿತು. ನಮ್ಮ ದೇಶದ ಗುಕೇಶ್ ೨೦೨೪ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವಪಟ್ಟವನ್ನು ಗೆದ್ದ ಸ್ಪರ್ಧೆಯಲ್ಲಿ ಇದ್ದದ್ದು ೧೪ ಆಟಗಳ ಮಿತಿ. ಹದಿನಾಲ್ಕನೆಯ ಆಟದಲ್ಲಿ ಅವರು ಗೆದ್ದರು. ಮಿತಿಯಿದ್ದುದರಿಂದಲೇ ಆ ಕೊನೆಯ ಆಟಕ್ಕೆ ಅಷ್ಟು ಬಿಗಿ ಬಂದಿತು.

ನಮ್ಮ ಶಾಲೆಯ ಮೈದಾನದಲ್ಲಿಯೂ ಇದೇ ತತ್ತ್ವವಿದೆ. ಕಬಡ್ಡಿಯಲ್ಲಿ ದಾಳಿಗೆ ಹೋದವನಿಗೆ ೩೦ ಸೆಕೆಂಡು. ಹಿರಿಯ ಪುರುಷರ ಪಂದ್ಯಕ್ಕೆ ಇಪ್ಪತ್ತಿಪ್ಪತ್ತು ನಿಮಿಷದ ಎರಡು ಭಾಗ. ಮೂವತ್ತು ಸೆಕೆಂಡು ಎಂಬ ಗೆರೆಯಿಲ್ಲದಿದ್ದರೆ ಯಾರು ಉಸಿರು ಬಿಗಿಹಿಡಿದು ನೋಡುತ್ತಿದ್ದರು?

ಯಂತ್ರದ ಆಟಕ್ಕೆ ಅಳತೆ ಕೊಟ್ಟವರು ಯಾರು?

ಇನ್ನು ವಿಡಿಯೋ ಆಟಗಳ ವಿಚಾರ. ಇವುಗಳ ಉದ್ದವನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಹಣ ಕೊಡುವ ರೀತಿ ಎಂಬುದನ್ನು ತಿಳಿದರೆ ನಿಮಗೆ ಆಶ್ಚರ್ಯವಾಗಬಹುದು.

೧೯೭೨ರಲ್ಲಿ ಅಮೇರಿಕೆಯಲ್ಲಿ ಅಟಾರಿ ಕಂಪನಿಯವರು ಪಾಂಗ್ ಎಂಬ ಆಟದ ಯಂತ್ರವನ್ನು ಹೊರತಂದರು. ತೆರೆಯ ಮೇಲೆ ಎರಡು ಗೆರೆ, ಒಂದು ಚುಕ್ಕೆ. ಮೇಜಿನ ಮೇಲಿನ ಟೆನ್ನಿಸಿನಂತೆ ಚುಕ್ಕೆಯನ್ನು ಅತ್ತಿತ್ತ ಹೊಡೆಯುವುದು. ನಾಣ್ಯ ಹಾಕಿದರೆ ಒಂದು ಆಟ. ಮತ್ತೆ ಆಡಬೇಕೆಂದರೆ ಮತ್ತೊಂದು ನಾಣ್ಯ. ಇಂತಹ ಯಂತ್ರವಿಟ್ಟ ಅಂಗಡಿಯವನಿಗೆ ಆಟ ಬೇಗ ಮುಗಿದಷ್ಟೂ ಲಾಭ. ಆದರೆ ತೀರ ಬೇಗ ಮುಗಿದರೆ ಆಡುವವನು ಸಿಟ್ಟಿನಿಂದ ಹೊರಟುಹೋಗುತ್ತಾನೆ. ಆದ್ದರಿಂದ ಮೊದಲು ಸುಲಭ, ಬರಬರುತ್ತ ಕಠಿಣ ಎಂಬ ಉಪಾಯವನ್ನು ಹೂಡಿದರು. ೧೯೭೮ರಲ್ಲಿ ಜಪಾನಿನಲ್ಲಿ ನಿಶಿಕಾಡೋ ಎಂಬವರು ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಎಂಬ ಆಟದಲ್ಲಿ ಮೇಲಿನಿಂದ ಇಳಿದುಬರುವ ವೈರಿಗಳನ್ನು ಹೊಡೆದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಅದು ಮೊದಲು ಬೇಕೆಂದು ಮಾಡಿದ್ದಲ್ಲವಂತೆ. ತೆರೆಯ ಮೇಲೆ ಬಿಡಿಸಬೇಕಾದ ಆಕೃತಿಗಳು ಕಡಿಮೆಯಾದಂತೆ ಯಂತ್ರಕ್ಕೆ ಹೊರೆ ಇಳಿದು, ಅದು ತಾನಾಗಿ ಚುರುಕಾಗುತ್ತಿತ್ತು. ಅದೇ ಆಟಕ್ಕೆ ಕಳೆಯಾಯಿತು.

೧೯೮೦ರ ಪ್ಯಾಕ್‌ಮ್ಯಾನ್ ಆಟದ ಕಥೆ ಗಣಿತದ ವಿದ್ಯಾರ್ಥಿಗಳಿಗೆ ಪ್ರಿಯವಾದೀತು. ಅದನ್ನು ಮಾಡಿದವರು ಅದಕ್ಕೆ ಕೊನೆಯನ್ನೇ ಇಟ್ಟಿರಲಿಲ್ಲ. ಎಂತಹವನಾದರೂ ನಡುವೆ ಸೋತೇ ಸೋಲುತ್ತಾನೆಂದು ಭಾವಿಸಿದ್ದರು. ಆದರೆ ಹಂತಗಳನ್ನು ಎಣಿಸಲು ಯಂತ್ರದೊಳಗೆ ಬಿಟ್ಟಿದ್ದ ಜಾಗ ಎಂಟು ಬಿಟ್‌ಗಳದು. ಎರಡನ್ನು ಎಂಟು ಸಲ ಒಂದಕ್ಕೊಂದು ಗುಣಿಸಿದರೆ ೨೫೬. ಅಂದರೆ ೦ಯಿಂದ ೨೫೫ರವರೆಗೆ ಮಾತ್ರ ಎಣಿಸಬಹುದು. ಗಟ್ಟಿಗರಾದ ಆಟಗಾರರು ೨೫೬ನೆಯ ಹಂತವನ್ನು ತಲಪಿಯೇಬಿಟ್ಟಾಗ ಲೆಕ್ಕ ತಪ್ಪಿ, ಅರ್ಧ ತೆರೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಮೂಡಿ, ಮುಂದಕ್ಕೆ ಹೋಗಲಾಗದೆ ಆಟ ನಿಂತಿತು.

ಅನಂತರ ಆಟಗಳು ಮನೆಯೊಳಗೆ ಬಂದವು. ಈಗ ನಾಣ್ಯವಿಲ್ಲ, ಒಮ್ಮೆ ದೊಡ್ಡ ಮೊತ್ತ ಕೊಟ್ಟು ಆಟವನ್ನೇ ಕೊಳ್ಳಬೇಕು. ಕೊಂಡವನು "ಇಷ್ಟು ದುಡ್ಡಿಗೆ ಎಷ್ಟು ದಿನ ಆಡಬಹುದು?" ಎಂದು ಕೇಳುವನು. ನಾಣ್ಯದ ಕಾಲದಲ್ಲಿ ಚುಟುಕಾಗಿದ್ದ ಆಟ ಹೀಗೆ ಉದ್ದವಾಗತೊಡಗಿತು. ೧೯೮೫ರ ಸೂಪರ್ ಮಾರಿಯೋದಲ್ಲಿ ೩೨ ಹಂತಗಳಿದ್ದವು. ಆದರೆ ನಡುವೆ ನಿಲ್ಲಿಸಿ ನಾಳೆ ಮುಂದುವರಿಸುವ ಅನುಕೂಲವಿರಲಿಲ್ಲ. ೧೯೮೬ರಲ್ಲಿ ಬಂದ ಜೆಲ್ಡಾ ಎಂಬ ಆಟದಲ್ಲಿ, ಆಡಿದಷ್ಟನ್ನು ಉಳಿಸಿಟ್ಟುಕೊಂಡು ಮರುದಿನ ಅಲ್ಲಿಂದಲೇ ಹೊರಡುವಂತಾಯಿತು. ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆ ನವಿಲುಗರಿ ಇಟ್ಟಂತೆ! ಈ ಒಂದು ಅನುಕೂಲದಿಂದ ಆಟವೆಂಬುದು ಒಂದು ಕೂರಿನ ವಿನೋದವಾಗಿ ಉಳಿಯದೆ, ವಾರಗಟ್ಟಲೆ ನಡೆಯುವ ಕಾದಂಬರಿಯಂತಾಯಿತು.

ಉದ್ದವಿದ್ದರೆ ಹೆಚ್ಚೇ?

ಹಾಗಾದರೆ ಉದ್ದವಾದಷ್ಟೂ ಆಟ ಒಳ್ಳೆಯದೇ? ೨೦೨೨ರ ಜನವರಿಯಲ್ಲಿ ಪೋಲೆಂಡ್ ದೇಶದ ಟೆಕ್‌ಲ್ಯಾಂಡ್ ಎಂಬ ಕಂಪನಿಯವರು ತಮ್ಮ ಹೊಸ ಆಟವನ್ನು ಸಂಪೂರ್ಣವಾಗಿ ಮುಗಿಸಲು ೫೦೦ ಗಂಟೆ ಬೇಕೆಂದು ಹೆಮ್ಮೆಯಿಂದ ಸಾರಿದರು. ಜನ ಹಿಗ್ಗುವರೆಂದು ಅವರ ಎಣಿಕೆ. ಆದರೆ ಅನೇಕರು "ನಮಗೆ ಉದ್ಯೋಗವಿಲ್ಲವೇ, ಮನೆಮಕ್ಕಳಿಲ್ಲವೇ?" ಎಂಬ ಧಾಟಿಯಲ್ಲಿ ಆಕ್ಷೇಪಿಸಿದರು. ಕಂಪನಿಯವರು, ಮುಖ್ಯ ಕಥೆಯನ್ನು ಮಾತ್ರ ಆಡಿದರೆ ಇಪ್ಪತ್ತು ಗಂಟೆ ಸಾಕೆಂದು ಸಮಜಾಯಿಷಿ ಹೇಳಬೇಕಾಯಿತು. ೫೦೦ ಗಂಟೆ ಎಂದರೆ ಎಷ್ಟು? ದಿನಕ್ಕೆ ಒಂದು ಗಂಟೆಯಂತೆ ಆಡಿದರೆ ೫೦೦ ದಿನ. ಎಂಟನೆಯ ತರಗತಿಯಲ್ಲಿ ಆರಂಭಿಸಿದ ಹುಡುಗ ಒಂಬತ್ತಕ್ಕೆ ಹೋದ ಮೇಲೂ ಅದೇ ಆಟದಲ್ಲಿರುತ್ತಾನೆ!

ಇದಕ್ಕೆ ಪ್ರತಿಯಾಗಿ ೨೦೧೨ರಲ್ಲಿ ಬಂದ ಜರ್ನಿ ಎಂಬ ಆಟವನ್ನು ನೋಡಿರಿ. ಮರಳುಗಾಡಿನಲ್ಲಿ ಒಬ್ಬ ಪಯಣಿಗ, ದೂರದಲ್ಲಿ ಒಂದು ಬೆಟ್ಟ. ಅಲ್ಲಿಗೆ ಹೋಗಿ ಸೇರುವುದೇ ಆಟ. ಮಾತಿಲ್ಲ. ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೂ ಅದು ಹಲವು ಪ್ರಶಸ್ತಿಗಳನ್ನು ಪಡೆದು, ಆಡಿದವರ ಮನಸ್ಸಿನಲ್ಲಿ ಉಳಿದಿದೆ. ಸಣ್ಣ ಕಥೆ ಕಾದಂಬರಿಗಿಂತ ಕೀಳಲ್ಲ. ಮುಕ್ತಕ ಮಹಾಕಾವ್ಯಕ್ಕಿಂತ ಕೀಳಲ್ಲ. ಇದನ್ನು ನಾನು ಕನ್ನಡ ತರಗತಿಯಲ್ಲಿ ಪ್ರತಿ ವರ್ಷವೂ ಹೇಳುವುದುಂಟು. ಆಟಕ್ಕೂ ಅದೇ ಮಾತು.

ಹಾಗೆಂದು ಉದ್ದವೇ ದೋಷವೆಂದೂ ಹೇಳಲಾಗದು. ನಮ್ಮ ಸೀಮೆಯ ಬಯಲಾಟವನ್ನೇ ನೆನೆಯಿರಿ. ಕನ್ನಡದಲ್ಲಿ ಅದನ್ನೂ ಆಟವೆಂದೇ ಕರೆಯುತ್ತೇವೆ. ರಾತ್ರಿ ಊಟವಾದ ಮೇಲೆ ಮದ್ದಲೆ ದನಿಯೇಳಿದರೆ ಮಂಗಳವಾಗುವುದು ಮೂಡಣ ಕೆಂಪೇರಿದ ಮೇಲೆ. ಆದರೆ ನೋಡುವವರಿಗೆ ಅದು ಸೆರೆಯಲ್ಲ. ಕಥೆ ಎಲ್ಲರಿಗೂ ಗೊತ್ತು. ನಡುವೆ ಎದ್ದು ಚಹ ಕುಡಿಯಬಹುದು, ಮಕ್ಕಳು ಚಾಪೆಯ ಮೇಲೆ ನಿದ್ದೆ ಮಾಡಬಹುದು, ಯುದ್ಧದ ಸನ್ನಿವೇಶಕ್ಕೆ ಅಜ್ಜಿ ತಟ್ಟಿ ಎಬ್ಬಿಸಬಹುದು. ಅದೂ ವರ್ಷಕ್ಕೆ ಒಂದೆರಡು ರಾತ್ರಿ ಮಾತ್ರ. ದಿನವೂ ರಾತ್ರಿಯಿಡೀ ಬಯಲಾಟ ನಡೆದಿದ್ದರೆ ನಮ್ಮ ಹೊಲಗಳಲ್ಲಿ ಶೇಂಗಾ ಬೆಳೆಯುತ್ತಿತ್ತೇ?

ಇನ್ನೊಂದು ಮಾತು. ಆಟದ ಉದ್ದ ಆಡುವವನ ಕೈಯಲ್ಲಿಯೂ ಇದೆ. ಹೊಸಬನಿಗೆ ವಾರಗಟ್ಟಲೆ ಹಿಡಿಯುವ ಸೂಪರ್ ಮಾರಿಯೋವನ್ನು ಅದರ ಒಳದಾರಿಗಳನ್ನೆಲ್ಲ ಬಲ್ಲ ನಿಪುಣರು ಐದು ನಿಮಿಷದ ಒಳಗೇ ಮುಗಿಸುತ್ತಾರೆ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಸಾಲಾಗಿ ಜೋಡಿಸುವ ಟೆಟ್ರಿಸ್ ಆಟವನ್ನು ೧೯೮೪ರಲ್ಲಿ ಮಾಸ್ಕೋದಲ್ಲಿ ಪಜಿತ್ನೋವ್ ಎಂಬ ತಜ್ಞರು ರೂಪಿಸಿದರು. ನಾನು ಚಿಕ್ಕವಳಿದ್ದಾಗ ಅಂಥದೇ ಒಂದು ಕೈಯಾಟಿಕೆ ಜಾತ್ರೆಗಳಲ್ಲಿ ಮಾರಾಟಕ್ಕೆ ಬರುತ್ತಿತ್ತು. ಅದಕ್ಕೆ ಗೆಲುವೆಂಬುದಿಲ್ಲ, ಎಂದಾದರೊಮ್ಮೆ ಸೋಲುವುದೇ ಅದರ ಕೊನೆ. ಆದರೆ ೨೦೨೩ರ ಡಿಸೆಂಬರ್ ೨೧ರಂದು ಅಮೇರಿಕೆಯ ೧೩ ವರ್ಷದ ಒಬ್ಬ ಹುಡುಗ, ೧೯೮೯ರ ಟೆಟ್ರಿಸ್ ಆಟದಲ್ಲಿ ೧೫೭ನೆಯ ಹಂತವನ್ನು ತಲಪಿದಾಗ ಯಂತ್ರವೇ ತಬ್ಬಿಬ್ಬಾಗಿ ನಿಂತುಬಿಟ್ಟಿತು. ಮನುಷ್ಯನೊಬ್ಬ ಆ ಆಟವನ್ನು ಹೀಗೆ ಮುಗಿಸಿದ್ದು ಅದೇ ಮೊದಲು. ಹಿಡಿದ ಹೊತ್ತು ಸುಮಾರು ೩೮ ನಿಮಿಷ. ನಮ್ಮ ಶಾಲೆಯ ಒಂದು ಪೀರಿಯಡ್ಡಿನಷ್ಟು! ಆ ಮೂವತ್ತೆಂಟು ನಿಮಿಷದ ಹಿಂದೆ ಎಷ್ಟು ದಿನಗಳ ಅಭ್ಯಾಸವಿದ್ದೀತೆಂಬುದನ್ನೂ ಯೋಚಿಸಿರಿ.

ಕೊನೆಯೇ ಇಲ್ಲದ ಆಟ

ಈಗ ನಮ್ಮ ಕೈಯಲ್ಲಿರುವ ಫೋನಿಗೆ ಬರೋಣ. ಇಲ್ಲಿನ ಅನೇಕ ಆಟಗಳು ಬಿಟ್ಟಿಯಾಗಿ ಸಿಗುತ್ತವೆ. ನಾಣ್ಯವೂ ಇಲ್ಲ, ಬೆಲೆಯೂ ಇಲ್ಲ. ಹಾಗಾದರೆ ಮಾಡಿದವರಿಗೆ ಹಣ ಬರುವುದೆಲ್ಲಿಂದ? ನಡುನಡುವೆ ತೋರಿಸುವ ಜಾಹೀರಾತುಗಳಿಂದ; ವೇಷ, ಆಯುಧ, ಚಿನ್ನದ ಪೆಟ್ಟಿಗೆ ಎಂದು ಆಟದೊಳಗೆ ಮಾರುವ ವಸ್ತುಗಳಿಂದ. ಇಲ್ಲಿ ನಮ್ಮ ಹೊತ್ತೇ ಅವರ ಬಂಡವಾಳ. ಆದ್ದರಿಂದ ಆಟ ಮುಗಿಯಬಾರದು. ಇಂದು ಬಂದರೆ ಒಂದು ಉಡುಗೊರೆ, ನಾಳೆಯೂ ಬಂದರೆ ಎರಡು. ಒಂದು ದಿನ ತಪ್ಪಿದರೆ ಸಾಲು ಮುರಿದು ಮೊದಲಿಗೆ. ಸೋಲುವ ಗಳಿಗೆಯಲ್ಲಿ "ಜಾಹೀರಾತು ನೋಡಿದರೆ ಮತ್ತೊಂದು ಜೀವ". ಹಂತದ ಮೇಲೆ ಹಂತ, ಸಾವಿರದ ಮೇಲೆ ಸಾವಿರ. ಚೌಕಾಬಾರದಲ್ಲಿ ನಡುಮನೆಯನ್ನೇ ಅಳಿಸಿಬಿಟ್ಟರೆ ಕಾಯಿಗಳು ಹೇಗೆ ಸುತ್ತುತ್ತಲೇ ಇರುತ್ತವೆಯೋ ಹಾಗೆ.

ಎಲ್ಲ ಫೋನಾಟಗಳೂ ಹೀಗಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಪಬ್‌ಜಿಯಂತಹ ಆಟದಲ್ಲಿ ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಆಡಲು ಬಿಟ್ಟಿರುವ ವೃತ್ತ ಹೊತ್ತು ಹೋದಂತೆ ಕುಗ್ಗುತ್ತ ಬರುತ್ತದೆ. ಅಡಗಿ ಕುಳಿತವರೂ ಹೊರಗೆ ಬರಲೇಬೇಕು. ಆದ್ದರಿಂದ ಎಂತಹ ಪಂದ್ಯವಾದರೂ ಅರ್ಧ ಗಂಟೆಯ ಸುಮಾರಿಗೆ ತೀರ್ಮಾನವಾಗುತ್ತದೆ. ಪಂದ್ಯಕ್ಕೆ ಕೊನೆಯಿದೆ; ಆದರೆ ಮುಗಿದೊಡನೆ "ಇನ್ನೊಂದು" ಎಂದು ಕರೆಯುವ ಗುಂಡಿಗೆ ಕೊನೆಯಿಲ್ಲ.

ನಾನು ಕಂಡುಕೊಂಡ ಅಳತೆಗೋಲು

ಇಷ್ಟೆಲ್ಲ ಹೇಳಿದ ಮೇಲೆ "ಸರಿ ಟೀಚರ್, ಎಷ್ಟು ಗಂಟೆ, ಹೇಳಿ" ಎಂದು ನೀವು ಕೇಳುವಿರಿ. ಗಂಟೆಯ ಲೆಕ್ಕದಲ್ಲಿ ಉತ್ತರವಿಲ್ಲ. ಆದರೆ ಮೂರು ಪ್ರಶ್ನೆಗಳಿವೆ.

ಮೊದಲನೆಯದು: ಈ ಆಟ ಇನ್ನೂ ಹೊಸದೇನನ್ನಾದರೂ ಕೊಡುತ್ತಿದೆಯೇ? ಹೊಸ ಒಗಟು, ಹೊಸ ಉಪಾಯ, ಕಥೆಯ ಹೊಸ ತಿರುವು, ಇವು ಇರುವವರೆಗೆ ಆಟ ಬೆಳೆಯುತ್ತಿದೆ. ನಿನ್ನೆ ಮಾಡಿದ್ದನ್ನೇ ಇಂದೂ ಬೆರಳು ಮಾಡುತ್ತಿದ್ದು, ಮನಸ್ಸು ಬೇರೆಲ್ಲಿಯೋ ಇದ್ದರೆ ಆಟ ಮುಗಿದಿದೆ ಎಂದೇ ಅರ್ಥ. ಫೋನು ಮಾತ್ರ ಅದನ್ನು ಹೇಳುವುದಿಲ್ಲ.

ಎರಡನೆಯದು: ಇದರಲ್ಲಿ ಎದ್ದು ಹೋಗಬಹುದಾದ ಜಾಗಗಳಿವೆಯೇ? ಕಾದಂಬರಿಯಲ್ಲಿ ಅಧ್ಯಾಯಗಳಿರುವಂತೆ, ಬಯಲಾಟದಲ್ಲಿ ಪ್ರಸಂಗದ ನಡುವೆ ಬಿಡುವಿರುವಂತೆ, ಆಟದಲ್ಲಿಯೂ ಮೆಟ್ಟಿಲುಗಳಿರಬೇಕು. ಇಪ್ಪತ್ತು ಗಂಟೆಯ ಆಟವಾದರೂ ಅರ್ಧರ್ಧ ಗಂಟೆಯ ಮೆಟ್ಟಿಲುಗಳಿದ್ದರೆ ವಿದ್ಯಾರ್ಥಿಗೆ ಅದು ತೊಡಕಲ್ಲ.

ಮೂರನೆಯದು: ಆಟ ಮುಗಿಸಿ ಎದ್ದಾಗ ಮೈಮನಸ್ಸು ಹಗುರವಾಗಿದೆಯೇ, ಭಾರವಾಗಿದೆಯೇ? ಇದಕ್ಕೆ ಉತ್ತರ ಆಡಿದವನಿಗೇ ಗೊತ್ತು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಅತಿ ಎಲ್ಲಿಂದ ಪ್ರಾರಂಭವಾಗುತ್ತದೆಂಬುದನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕು.

ಪೋಷಕರಲ್ಲಿ ಎರಡು ಮಾತು

ವಿಶ್ವ ಆರೋಗ್ಯ ಸಂಸ್ಥೆಯವರು ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದರು. ೨೦೧೯ರಲ್ಲಿ ಒಪ್ಪಿಗೆ ಪಡೆದ ಆ ಪಟ್ಟಿ ೨೦೨೨ರ ಜನವರಿಯಿಂದ ಜಾರಿಗೆ ಬಂದಿದೆ. ಅಲ್ಲಿಯೂ ಇಷ್ಟು ಗಂಟೆ ಆಡಿದರೆ ರೋಗ ಎಂದು ಹೇಳಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸ ಹವ್ಯಾಸಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದೆಯೆಂದು ತಿಳಿದರೂ ಬಿಡಲಾಗದಿರುವುದು, ಈ ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದರೆ ಅದು ಚಿಕಿತ್ಸೆಗೆ ಅರ್ಹವಾದ ಸ್ಥಿತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಗೀಳುಗಳಿಗೆಂದು ೨೦೧೪ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದಿದ್ದಾರೆ. ಅಗತ್ಯ ಕಂಡವರು ಸಂಕೋಚಪಡಬೇಕಾಗಿಲ್ಲ. ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವುದಿಲ್ಲವೇ?

ಚೀನಾ ದೇಶದಲ್ಲಿ ೨೦೨೧ರಲ್ಲಿ ಸರಕಾರವೇ ಅಳತೆ ಹಾಕಿತು: ಹದಿನೆಂಟು ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ಮಾತ್ರ, ರಾತ್ರಿ ೮ರಿಂದ ೯ರವರೆಗೆ ಒಂದೇ ಗಂಟೆ ಆನ್‌ಲೈನ್ ಆಟ ಆಡಬಹುದು. ನಮ್ಮ ದೇಶದಲ್ಲಿ ೨೦೨೫ರ ಆಗಸ್ಟಿನಲ್ಲಿ ಅಂಗೀಕೃತವಾದ ಕಾಯಿದೆ ಹೊತ್ತಿನ ಗೊಡವೆಗೆ ಹೋಗದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹಣ ಕಟ್ಟುವ ಆಟಕ್ಕೆ ಆದರ್ಶವಾದ ಉದ್ದ ಒಂದೇ: ಸೊನ್ನೆ. ಇದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ಆಟಗಳಿಗೆ ಗಡಿಯಾರ ಹಿಡಿದು ನಿಲ್ಲಲು ಸರಕಾರ ನಮ್ಮ ಮನೆಗೆ ಬರಲಾರದು. ಆ ಕೆಲಸ ನಮ್ಮದು. ಗಡಿಯಾರ ಹಿಡಿಯುವ ಮೊದಲು ಆ ಆಟವನ್ನು ಒಮ್ಮೆ ನೋಡಬೇಕಾದದ್ದೂ ನಮ್ಮ ಕೆಲಸವೇ.

ನನ್ನ ಮಗನ ವಿಚಾರವನ್ನು ಹೇಳಿ ಮುಗಿಸುತ್ತೇನೆ. ಮರುದಿನ ಬೆಳಿಗ್ಗೆ, "ನಿನ್ನ ಆಟ ನನಗೂ ಕಲಿಸಿಕೊಡೋ" ಎಂದೆ. ನಂಬದವನಂತೆ ನನ್ನ ಮುಖ ನೋಡಿದ. ಕಲಿಸಿದ. ನಾನು ಎರಡೇ ನಿಮಿಷದಲ್ಲಿ ಸೋತೆ. ಅವನು ರಾತ್ರಿಯ ಸಿಟ್ಟನ್ನೆಲ್ಲ ಮರೆತು ನಕ್ಕ. ಆದರೆ ಒಂದು ವಿಷಯ ತಿಳಿಯಿತು. ಅವನ ಆಟದ ಒಂದು ಪಂದ್ಯಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ನಡುವೆ ಎದ್ದರೆ ಜೊತೆಗಾರರಿಗೆ ನಷ್ಟ. "ಇನ್ನು ಹತ್ತು ನಿಮಿಷ" ಎಂದು ಅವನು ಹೇಳಿದ್ದು ಸುಳ್ಳಲ್ಲ. ಸುಳ್ಳಿದ್ದ ಜಾಗ ಬೇರೆ: ಎಂಟು ಗಂಟೆಗೆ ಊಟವೆಂದು ಗೊತ್ತಿದ್ದೂ ಏಳು ಐವತ್ತಕ್ಕೆ ಹೊಸ ಪಂದ್ಯವನ್ನು ಆರಂಭಿಸಿದ್ದ. ಇದನ್ನು ಅವನೇ ಲೆಕ್ಕ ಹಾಕಿ ಒಪ್ಪಿಕೊಂಡ. ನಾನೂ ಫೋನು ಕಸಿದದ್ದು ತಪ್ಪೆಂದು ಒಪ್ಪಿಕೊಂಡೆ.

ಅಂದಿನಿಂದ ನಮ್ಮ ಮನೆಯಲ್ಲಿ ನಿಮಿಷದ ಲೆಕ್ಕವಿಲ್ಲ, ಪಂದ್ಯದ ಲೆಕ್ಕ. ಶಾಲೆಯ ದಿನ ಒಂದು ಪಂದ್ಯ, ರಜೆಯ ದಿನ ಎರಡು. ಏಳೂವರೆಯ ಮೇಲೆ ಹೊಸ ಪಂದ್ಯವಿಲ್ಲ. ಆರಂಭಿಸಿದ ಪಂದ್ಯ ಮುಗಿಯುವವರೆಗೆ ನಾನು ಕರೆಯುವುದಿಲ್ಲ. ದಿನವೂ ಉಡುಗೊರೆ ಕೊಡುತ್ತಿದ್ದ ಇನ್ನೊಂದು ಆಟವನ್ನು, "ಇದರಲ್ಲಿ ನಡುಮನೆಯೇ ಇಲ್ಲಮ್ಮಾ" ಎಂದು ತಾನಾಗಿಯೇ ತೆಗೆದುಹಾಕಿದ. ಎಲ್ಲ ದಿನವೂ ಸುಸೂತ್ರವಾಗಿ ನಡೆಯುತ್ತದೆಂದು ನಾನು ಹೇಳಲಾರೆ. ಕೆಲವು ಸಂಜೆ ಮಾತಿಗೆ ಮಾತು ಬೆಳೆಯುತ್ತದೆ. ಆದರೆ ಊಟ ಬಿಟ್ಟು ಮಲಗಿದ್ದು ಆ ಒಂದೇ ರಾತ್ರಿ.

ವಿದ್ಯಾರ್ಥಿ ಮಿತ್ರರೇ, ನೀವು ಆಡುವ ಆಟವನ್ನು ಆರಿಸಿಕೊಂಡು, ಮೇಲೆ ಚೌಕಾಬಾರಕ್ಕೆ ಹಾಕಿದಂತೆ ಅದರ ಹೊತ್ತಿನ ಲೆಕ್ಕ ಹಾಕಿ ನೋಡಿರಿ. ಗಣಿತದ ಮೇಷ್ಟ್ರಿಗೆ ತೋರಿಸಿ ಸರಿನೋಡಿಕೊಳ್ಳಿರಿ. ಆಮೇಲೆ ಆ ಲೆಕ್ಕವನ್ನು ಮನೆಯಲ್ಲಿ ಅವ್ವನಿಗೆ, ಅಪ್ಪನಿಗೆ ತಿಳಿಸಿರಿ. ಕಾಯಿ ಹಣ್ಣಾಗಲು ಎಷ್ಟು ಹೊತ್ತು ಬೇಕೆಂದು ತಿಳಿದವರು ಅಷ್ಟು ಹೊತ್ತು ಕಾಯುತ್ತಾರೆ. ನಿಮ್ಮ ಆಟವೂ ಸಾಗಲಿ, ಪಾಠವೂ ಸಾಗಲಿ, ಹೊತ್ತಿಗೆ ಸರಿಯಾಗಿ ಊಟವೂ ಆಗಲಿ ಎಂದು ಹಾರೈಸುತ್ತೇನೆ.